ಡಾಕ್ಟರ್ ಸಾಹೇಬರು ಬರೆಯದ ಕಾಗದ

ಡಾಕ್ಟರ್ ಸಾಹೇಬರು ತೀರಿಕೊಂಡ ಸುದ್ದಿ ಹೈದರಾಬಾದಿನಿಂದ ಬಂದಾಗ ಹಾರ ತರುವ ಕೆಲಸ ನನಗೇ ಬಿತ್ತು. ಹುಚ್ಚರ ವಾರ್ಡಿನ ಗೋಡೆಗೆ ಅವರ ಫೋಟೋ ಹಾಕಬೇಕು, ನಾನು ಅವರ ಬಗ್ಗೆ ನಾಲ್ಕು ಮಾತು ಬರೆದು ಓದಬೇಕು ಎಂದು ಊರ ಹಿರಿಯರು ಗೊತ್ತುಮಾಡಿದರು. "ಹನ್ನೆರಡ ವರ್ಷ ಅವರ ಕೈಯಾಗ ಕಂಪೌಂಡರ್ ಇದ್ದಿ, ನಿನಗಿಂತ ಹೆಚ್ಚಿಗಿ ಯಾರಿಗೆ ಗೊತ್ತೈತಿ" ಎಂದರು. ಅದಂತೂ ನಿಜ. ಹಾರ ತಂದೆ, ಹಾಕಿದೆ, ಓದಲು ಎದ್ದು ನಿಂತೆ. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿದೆ ಎಂದುಕೊಂಡು ಜನ ನನ್ನ ಬೆನ್ನು ಸವರಿ ಕೂರಿಸಿದರು. ಗಂಟಲು ಕಟ್ಟಿದ್ದು ಸಿಟ್ಟಿಗೆ. ಆ ದಿನ ಓದದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ನಮ್ಮ ದವಾಖಾನ ಯಾವ ಊರಿನದು ಎಂದೂ ಹೇಳುವುದಿಲ್ಲ. ಅವರಿಗೆ ಮೊಮ್ಮಕ್ಕಳಿದ್ದಾರೆ, ಆ ಮಕ್ಕಳು ನನಗೇನೂ ಮಾಡಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಹಳೆಯ ಜನಕ್ಕೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ. ಆ ಸೀಮೆಯಲ್ಲಿ ಹುಚ್ಚರ ಮನೆಗೆ ತಾನೇ ಹುಡುಕಿಕೊಂಡು ಹೋಗುತ್ತಿದ್ದ ಸರ್ಕಾರಿ ಡಾಕ್ಟರ್ ಒಬ್ಬರೇ.

ಮನುಷ್ಯ ಎಲುಬಿನ ಹಂದರ. ಬೇಸಿಗೆಯಲ್ಲೂ ಕತ್ತಿನ ತನಕ ಗುಂಡಿ ಹಾಕಿದ ಬಿಳಿ ಶೇರ್ವಾನಿ. ಜೇಬಿನಲ್ಲಿ ಒಂದು ತಗಡಿನ ಡಬ್ಬಿ, ಅದರ ತುಂಬ ಲವಂಗ. ತಾವೂ ಒಂದು ಬಾಯಿಗೆ ಹಾಕಿಕೊಂಡು, ರೋಗಿಗೂ ಒಂದು ಕೊಟ್ಟೇ ಮಾತು ಶುರುಮಾಡುತ್ತಿದ್ದರು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ಉರ್ದು. ಇಲ್ಲಿಗೆ ಬಂದ ಮೇಲೆ ರೋಗಿಗಳ ಬಾಯಿಂದಲೇ ಕನ್ನಡ, ತೆಲುಗು ಎರಡನ್ನೂ ಕಲಿತರು. ಹೀಗಾಗಿ ಅವರ ಕನ್ನಡದಲ್ಲಿ ಬೈಗುಳ ಬಹಳ ಶುದ್ಧವಾಗಿತ್ತು. ಯಾವ ಜಾತಿಯವರು ಎಂದು ಯಾರಾದರೂ ಕೆದಕಿದರೆ "ದವಾಖಾನದ ಜಾತಿ" ಎಂದು ಮುಗಿಸಿಬಿಡುತ್ತಿದ್ದರು.

ಅವರ ಕೆಲಸ ಜ್ವರ, ಹೆರಿಗೆ, ಹಾವು ಕಡಿತ ನೋಡುವುದು. ಹುಚ್ಚರ ವಿಷಯದಲ್ಲಿ ಸರ್ಕಾರ ಅವರಿಂದ ಬಯಸಿದ್ದು ಒಂದೇ, ಒಂದು ಕಾಗದ. ಈ ಮನುಷ್ಯನಿಗೆ ತಲೆ ಸರಿಯಿಲ್ಲ ಎಂದು ಅವರು ಬರೆದುಕೊಟ್ಟರೆ ಪೊಲೀಸರು ಆ ಮನುಷ್ಯನನ್ನು ಹೈದರಾಬಾದಿನ ಪಾಗಲ್‌ಖಾನೆಗೆ ಒಯ್ಯುತ್ತಿದ್ದರು. ಹರೆಯದಲ್ಲಿ ಅವರು ಅಂಥದೊಂದು ಕಡೆ ಕೆಲಸ ಮಾಡಿ ಬಂದಿದ್ದರು. ಅಲ್ಲಿ ಏನು ನೋಡಿದ್ದರೋ, ನಾನು ಸೇರಿದ ಮೇಲಂತೂ ಅಂಥ ಕಾಗದವನ್ನು ಅವರು ಒಬ್ಬರಿಗೂ ಬರೆದುಕೊಡಲಿಲ್ಲ. ಇಂಕು ಮುಗಿದಿದೆ, ಮೊಹರು ಕಳೆದಿದೆ, ರೋಗಿಗೆ ಜ್ವರ ಇದೆ, ಹೀಗೆ ಪೊಲೀಸರಿಗೆ ಒಂದಲ್ಲ ಒಂದು ನೆವ ಹೇಳಿ ಕಳಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ "ನಡಿ, ಆ ಮನಿಗೆ ಹೋಗಿ ಬರೂಣು" ಎನ್ನುತ್ತಿದ್ದರು.

ಹಾಗೆ ತಿರುಗಿದ ಊರುಗಳಿಗೆ ಲೆಕ್ಕವಿಲ್ಲ. ಮಕ್ತಲ್ ತನಕ ಟಾಂಗಾ, ಅಲ್ಲಿಂದ ಆಚೆ ನಡಿಗೆ. ಗದ್ವಾಲ್ ಕಡೆ ಹೋಗುವುದಿದ್ದರೆ ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಬೇಕು. ಸಾಹೇಬರಿಗೆ ನೀರೆಂದರೆ ಜೀವಭಯ. ಔಷಧದ ಪೆಟ್ಟಿಗೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ದಡ ಮುಟ್ಟಿದ ಮೇಲೆ, ನೀರಿಗೆ ಹೆದರಿದ್ದು ನಾನೇ ಎಂಬಂತೆ, "ಹೆದರಬ್ಯಾಡ, ಬಂದ್ವಿ" ಎಂದು ನನಗೆ ಧೈರ್ಯ ಹೇಳುತ್ತಿದ್ದರು.

ಗುಂಡುಮಾಲ್ ಕಡೆಯ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಹೇಳಬೇಕು. ಹರೆಯಕ್ಕೆ ಬಂದ ಮಗನೊಬ್ಬನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಸಂಕಲಿ ಹಾಕಿ ಕಟ್ಟಿದ್ದರು. ಎರಡು ವರ್ಷವಾಗಿತ್ತಂತೆ. ಬಿಚ್ಚಿದರೆ ಓಡಿಹೋಗುತ್ತಾನೆ, ಬಾವಿಗೆ ಬೀಳುತ್ತಾನೆ ಎಂದು ಅವನ ತಾಯಿ ಹಟ ಹಿಡಿದಳು. ಸಾಹೇಬರು ವಾದ ಮಾಡಲಿಲ್ಲ.

"ಇನ್ನೊಂದ ಸಂಕಲಿ ಐತೇನ್ರಿ ಮನ್ಯಾಗ?" ಎಂದು ಕೇಳಿದರು.

"ಎತ್ತಿಗಿ ಕಟ್ಟೂದು ಐತ್ರಿ. ಯಾಕ್ರಿ?"

"ತರ್ರಿ. ನನ್ನ ಕಾಲಿಗೆ ಹಾಕ್ರಿ."

ಜನ ನಕ್ಕರು. ಅವರು ಶೇರ್ವಾನಿಯಲ್ಲೇ ಸಗಣಿ ನೆಲದ ಮೇಲೆ ಕೂತು ಕಾಲು ಚಾಚಿದರು. ಯಾರೂ ಮುಂದೆ ಬರದಿದ್ದಾಗ ತಾವೇ ಸಂಕಲಿ ಸುತ್ತಿಕೊಂಡು, ಬೀಗ ಒತ್ತಿ, ಕೀಲಿಯನ್ನು ಆ ತಾಯಿಯ ಮಡಿಲಿಗೆ ಎಸೆದರು. ಆ ಹುಡುಗನಿಗೂ ಒಂದು ಲವಂಗ ಕೊಟ್ಟು ಪಕ್ಕದಲ್ಲೇ ಆರಾಮವಾಗಿ ಕೂತರು. ಮಧ್ಯಾಹ್ನವಾಗುವಷ್ಟರಲ್ಲಿ ಸುದ್ದಿ ಹಬ್ಬಿ ಊರೇ ನೆರೆಯಿತು. ಮುದುಕಿ ಅಳುತ್ತಾ ಬಂದು ಕೈ ಮುಗಿದಳು.

"ಯಪ್ಪಾ, ಸರ್ಕಾರದ ಮನಿಷಾನ್ನ ಕಟ್ಟಿ ಹಾಕ್ಯಾರಂತ ಪೊಲೀಸ್ರು ಬಂದು ನಮ್ಮನ್ನ ಒಯ್ತಾರೋ. ಬಿಚ್ಚಿಸ್ಕೊಳ್ಳೋ."

"ನಾ ಕುಂತು ಎರಡ ತಾಸಾತು. ನಿಮ್ಮ ಮಗಾ ಕುಂತು ಎರಡ ವರ್ಷಾತು. ಇಬ್ಬರದೂ ಕೂಡೇ ಬಿಚ್ಚರಿ, ಇಲ್ಲಂದ್ರ ನಾ ಏಳಂಗಿಲ್ಲ" ಎಂದರು ಸಾಹೇಬರು.

ಇಬ್ಬರದೂ ಬಿಚ್ಚಿದರು. ವಾಪಸ್ ಬರುವಾಗ ಅವರು ಪಾಯಿಜಾಮ ಮೇಲೆತ್ತಿ ಕಾಲಿನ ಮೇಲೆ ಎದ್ದ ಕೆಂಪು ಗೆರೆಯನ್ನು ನನಗೆ ತೋರಿಸಿದರು. ಇಂಥ ಮನುಷ್ಯನಿಗೆ ನಾನು ಜೀವ ಕೊಡಲೂ ತಯಾರಿದ್ದೆ. ಇದನ್ನು ಮುಚ್ಚಿಟ್ಟರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಅವರ ಕೆಲಸದ ರೀತಿಯೇ ಬೇರೆ. ಪ್ರತಿ ರೋಗಿಗೂ ಒಂದು ನೋಟ್‌ಬುಕ್. ರೋಗಿ ಆಡಿದ ಮಾತನ್ನು ಆಡಿದ ಹಾಗೇ ನಾನು ಕನ್ನಡದಲ್ಲಿ ಬರೆದುಕೊಳ್ಳಬೇಕು. 'ಹುಚ್ಚು ಮಾತಾಡಿದ' ಎಂದು ಬರೆದರೆ ಹಾಳೆ ಹರಿದು ಕೈಗೆ ಕೊಡುತ್ತಿದ್ದರು. ಇನ್ನು ರೋಗ ವಾಸಿಯಾಯಿತು ಎಂದು ತಿಳಿಯಲು ಅವರದೊಂದು ವಿಚಿತ್ರ ಪರೀಕ್ಷೆ ಇತ್ತು. ಮನೆಯವರನ್ನೆಲ್ಲ ಎದುರಿಗೆ ಕೂರಿಸಿ, ಸೊಸೆಯನ್ನು ಅತ್ತೆಯ ಬಗ್ಗೆ, ತಮ್ಮನನ್ನು ಅಣ್ಣನ ಬಗ್ಗೆ ಏನಾದರೂ ಕೇಳುವುದು. ರೋಗಿ ಒಂದು ಸಣ್ಣ ಸುಳ್ಳು ಹೇಳಿದರೆ ಸಾಹೇಬರಿಗೆ ಎಲ್ಲಿಲ್ಲದ ಸಂತೋಷ.

"ತಲಿ ಕೆಟ್ಟಾಂವಾ ಸುಳ್ಳ ಹೇಳಂಗಿಲ್ಲ. ಸುಳ್ಳ ಹೇಳಾಕ ಎದುರಿನವರ ಮನಸ ತಿಳೀಬೇಕು. ಅದು ತಿಳೀತಂದ್ರ ಆರಾಮ ಆದಂಗ" ಎನ್ನುತ್ತಿದ್ದರು.

"ಇದು ಯಾವ ಪುಸ್ತಕದಾಗ ಐತ್ರಿ ಸಾಹೇಬ್ರ?"

"ಸೊಸೆಂದ್ರು ಬರದ ಪುಸ್ತಕದಾಗ."

ನನ್ನ ಅಕ್ಕ ಪಾಸಾದದ್ದೂ ಇದೇ ಪರೀಕ್ಷೆಯಲ್ಲಿ. ಅವಳನ್ನು ಮಕ್ತಲ್ ಹತ್ತಿರದ ಒಂದು ಹಳ್ಳಿಗೆ, ನೇಕಾರರ ಮನೆಗೆ ಕೊಟ್ಟಿದ್ದೆವು. ಹೆತ್ತ ಕೂಸು ಹದಿನೈದೇ ದಿನಕ್ಕೆ ತೀರಿಕೊಂಡಿತು. ಅವಳು ಮಾತು ಬಿಟ್ಟಳು, ಊಟ ಬಿಟ್ಟಳು. ಮಗ್ಗದ ಮುಂದೆ ಕೂತು ಹಾಸಿನ ಎಳೆಗಳನ್ನು ಒಂದೊಂದಾಗಿ ಕಿತ್ತು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅರ್ಧ ನೇಯ್ದ ಸೀರೆ ಹಾಳಾಯಿತೆಂದು ಅತ್ತೆ ಅವಳ ಕಾಲನ್ನು ಕಂಬಕ್ಕೆ ಕಟ್ಟಿದಳು. ನಾನು ಸಾಹೇಬರ ಮುಂದೆ ಅತ್ತುಬಿಟ್ಟೆ.

ಅವರು ಬಂದರು. ಅದು ಕುಣಿಮಗ್ಗ, ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಬಿಟ್ಟು ಕೂರಬೇಕು. ಸಾಹೇಬರು ಆ ಕುಣಿಯೊಳಗೇ ಇಳಿದು ಕೂತರು. ಅವರ ತಲೆ ಅಕ್ಕನ ಮೊಣಕಾಲಿನ ಮಟ್ಟಕ್ಕೆ ಬಂತು. ರೋಗಿ ನಮ್ಮನ್ನು ಬಗ್ಗಿ ನೋಡಬೇಕೇ ಹೊರತು ನಾವು ರೋಗಿಯನ್ನು ಬಗ್ಗಿ ನೋಡಬಾರದು ಎಂದು ಅವರ ನಿಯಮ. ವಾರಕ್ಕೊಮ್ಮೆ, ಎಂಟು ತಿಂಗಳು ಹಾಗೇ ಕುಣಿಗೆ ಇಳಿದರು. ಒಂದು ದಿನ ಅಕ್ಕ ಬಾಯಿಬಿಟ್ಟು "ನಿಮ್ಮ ಅಂಗಿ ಗುಂಡಿ ಕಿತ್ತೈತ್ರಿ" ಎಂದಳು. ಸಾಹೇಬರು ಸೂಜಿ ದಾರ ತರಿಸಿ ಅವಳ ಕೈಯಿಂದಲೇ ಗುಂಡಿ ಹಾಕಿಸಿಕೊಂಡರು.

ಆ ಎಂಟು ತಿಂಗಳೂ ಅವಳಿಗೆ ತುತ್ತು ಮಾಡಿ ತಿನ್ನಿಸಿದವಳು ಪಕ್ಕದ ಮನೆಯ ರಂಗರೇಜನ ಹೆಂಡತಿ. ರಂಗರೇಜ ಎಂದರೆ ನೂಲಿಗೆ ಬಣ್ಣ ಹಾಕುವವ. ಆ ಊರಿನ ಮಗ್ಗಗಳಿಂದ ನಾರಾಯಣಪೇಟೆ ಬಜಾರಿಗೆ ಹೋಗುತ್ತಿದ್ದ ಸೀರೆಗಳ ಕೆಂಪೆಲ್ಲ ಅವನ ಕೈಯದು. ನಾವೆಲ್ಲ ಅವಳನ್ನು ಉರ್ದುವಿನಲ್ಲಿ ಅಕ್ಕ ಎಂಬಂತೆ ಆಪಾ ಎಂದೇ ಕರೆಯುತ್ತಿದ್ದೆವು. ಆಪಾನ ಕೈ ಬಿಟ್ಟರೆ ಬೇರೆ ಕೈಯಿಂದ ಅಕ್ಕ ಉಣ್ಣುತ್ತಿರಲಿಲ್ಲ.

ಕೊನೆಗೆ ಸಾಹೇಬರು ಅತ್ತೆಯನ್ನು ಎದುರಿಗೆ ಕೂರಿಸಿ ಅಕ್ಕನನ್ನು ಕೇಳಿದರು: "ನಿಮ್ಮತ್ತಿ ಇವತ್ತ ಮಾಡಿದ ಸಾರು ಹೆಂಗಿತ್ತಮ್ಮಾ?"

ಸಾರು ಸೀದು ಮನೆಯೆಲ್ಲ ಕರಿಕಿನ ವಾಸನೆ ಹಿಡಿದಿತ್ತು. ಅಕ್ಕ ಅತ್ತೆಯ ಮುಖವನ್ನು ಒಮ್ಮೆ ನೋಡಿ "ಭಾಳ ಚಲೋ ಇತ್ರಿ" ಎಂದಳು. ಸಾಹೇಬರು ಎಷ್ಟು ನಕ್ಕರೆಂದರೆ ಲವಂಗ ನೆತ್ತಿಗೇರಿ ಕೆಮ್ಮಿದರು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೂರಾ ಆರಾಮಾಗಿದ್ದಾಳೆ ಎಂದು ತಮ್ಮ ಕೈಯಾರೆ ಉರ್ದುವಿನಲ್ಲಿ ಬರೆದು ರುಜು ಹಾಕಿದರು. ಅಂದು ನಾನು ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅಕ್ಕ ಮತ್ತೆ ಮಗ್ಗಕ್ಕೆ ಕೂತು ಒಂದೂವರೆ ವರ್ಷವಾಗಿರಬೇಕು, ಪೊಲೀಸ್ ಆ್ಯಕ್ಷನ್ ಆಯಿತು. ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಅಕ್ಕನ ಊರಿಗೆ ಒಬ್ಬ ಪಟೇಲ. ಮೊನ್ನೆಮೊನ್ನೆಯ ತನಕ ನಿಜಾಮರ ಪರ ಬಡಿದಾಡುತ್ತಿದ್ದ ರಜಾಕಾರರಿಗೆ ಮನೆಯಲ್ಲಿ ಊಟ ಹಾಕಿಸುತ್ತಿದ್ದವ, ವಾರದಲ್ಲಿ ಟೋಪಿ ಬದಲಿಸಿ ಫೌಜಿನವರಿಗೆ ಹಾರ ಹಾಕಲು ನಿಂತ. ಅವನ ಮನೆಗೆ ಯಾರು ಬಂದರು, ಯಾರು ಹೋದರು ಎಂಬುದನ್ನೆಲ್ಲ ಕಣ್ಣಾರೆ ಕಂಡವನು ರಂಗರೇಜ. ಊರೂರಲ್ಲಿ ಮುಸಲ್ಮಾನರ ಮೇಲೆ ಗಲಾಟೆ ಎದ್ದಿತ್ತು. "ನಮ್ಮ ಮನ್ಯಾಗ ಬಂದಿರು, ಯಾರೂ ನಿನ್ನ ಮುಟ್ಟಂಗಿಲ್ಲ" ಎಂದು ಪಟೇಲ ಹೇಳಿಕಳಿಸಿದ. ರಂಗರೇಜ ಆ ಮಾತು ನಂಬಿ ಹೋದ.

ಮರುದಿನ ಬೆಳಿಗ್ಗೆ ಅಕ್ಕ ಮಾಳಿಗೆಯ ಮೇಲೆ ನೂಲು ಒಣಹಾಕುತ್ತಿದ್ದಳು. ಅಲ್ಲಿಂದ ಪಟೇಲನ ಹಿತ್ತಲು ಕಾಣುತ್ತದೆ. ಹಿತ್ತಲಿನಲ್ಲಿ ಒಂದು ಹಾಳುಬಾವಿ. ಮೂವರು ಆಳುಗಳು ರಂಗರೇಜನನ್ನು ಹೊತ್ತು ತಂದು ಆ ಬಾವಿಗೆ ಹಾಕಿದ್ದನ್ನು ಅವಳು ನೋಡಿದಳು. ಪಟೇಲ ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಬಂಡಿಗಟ್ಟಲೆ ಕಲ್ಲು, ಮಣ್ಣು ತಂದು ಬಾವಿ ಮುಚ್ಚಿದರು. ರಂಗರೇಜ ಹೊಳೆ ದಾಟಿ ಓಡಿಹೋದ ಎಂದು ಪಟೇಲ ಊರಿಗೆಲ್ಲ ಹೇಳಿದ. ಆಪಾಗೂ ಅದನ್ನೇ ಹೇಳಿ "ಬರ್ತಾನ ಬಿಡು, ಎಲ್ಲೀಗೆ ಹೋಗ್ತಾನ" ಎಂದು ಸಮಾಧಾನ ಮಾಡಿದ.

ಅಕ್ಕ ಆಪಾಗೆ ನಿಜ ಹೇಳಿದಳು. ಆಪಾ ನಂಬಲಿಲ್ಲ. ಗಂಡ ಸತ್ತ ಎಂದು ಯಾವ ಹೆಂಗಸು ಬರೀ ಮಾತಿಗೆ ನಂಬುತ್ತಾಳೆ? ಕರಿಮಣಿ ತೆಗೆಯಬೇಕು, ನಾಲ್ಕು ತಿಂಗಳು ಹತ್ತು ದಿನ ಮೂಲೆ ಹಿಡಿದು ಕೂರಬೇಕು, ಸತ್ತವನ ಹೆಸರಿನಲ್ಲಿ ಫಾತೆಹಾ ಓದಿಸಬೇಕು. ಸುಮ್ಮನೆ ಮಾಡುವ ಕೆಲಸವೇ ಇದು? "ಆ ಬಾವಿ ತೋಡಿ ತೋರಸ್ರಿ. ಆಗ ನಂಬ್ತೀನಿ" ಎಂದಳು. ಪಟೇಲನ ಹಿತ್ತಲಿನ ಬಾವಿ ತೋಡಿಸಬೇಕಾದರೆ ಸರ್ಕಾರವೇ ಹೇಳಬೇಕಿತ್ತು.

ಕೆಲವು ತಿಂಗಳ ಮೇಲೆ ಇಂಥ ದೂರುಗಳ ವಿಚಾರಣೆಗೆ ಒಬ್ಬ ಅಧಿಕಾರಿ ಮಕ್ತಲಿಗೆ ಬಂದು ಮುಸಾಫಿರ್‌ಖಾನೆಯಲ್ಲಿ ಇಳಿದ. ಅಕ್ಕ ನನಗೆ ಹೇಳಿಕಳಿಸಿದಳು. ಹೋದರೆ ಅವಳ ಅತ್ತೆ, ಗಂಡ ಇಬ್ಬರೂ ಬಾಗಿಲಿಗೆ ಅಡ್ಡ ನಿಂತು ಕೂಗಾಡುತ್ತಿದ್ದರು.

"ನಾ ಹೇಳಾಕಿನ ತಮ್ಮಾ. ಆಕಿ ನನಗ ತುತ್ತ ಹಾಕ್ಯಾಳ" ಎಂದಳು ಅಕ್ಕ.

"ಹೇಳಕ್ಕ. ಕಂಡದ್ದು ಕಂಡಂಗ ಹೇಳು. ನಾ ಅದೀನಿ, ನಮ್ಮ ಸಾಹೇಬ್ರು ಅದಾರ" ಎಂದೆ. ಎಂಥ ದಡ್ಡನಿದ್ದೆ ನಾನು!

ವಿಚಾರಣೆಯ ಹಿಂದಿನ ದಿನ ಸಾಹೇಬರು ತಾವಾಗಿ "ನಿಮ್ಮಕ್ಕನ್ನ ನೋಡಿ ಬರೂಣು ನಡಿ" ಎಂದರು. ಅವಳಿಗೆ ಧೈರ್ಯ ಹೇಳಲು ಬರುತ್ತಿದ್ದಾರೆಂದು ನಾನು ಉಬ್ಬಿಹೋದೆ. ಆ ದಿನ ಅವರು ಕುಣಿಗೆ ಇಳಿಯಲಿಲ್ಲ. ಹಾಕಿದ ಮಂಚದ ಮೇಲೆ ಕೂತರು. ಪಟೇಲನ ಕಡೆಯವನೊಬ್ಬ ಹೊಸ್ತಿಲ ಹೊರಗೆ ಬೀಡಿ ಸೇದುತ್ತಾ ಕುಕ್ಕರಗಾಲಲ್ಲಿ ಕೂತಿದ್ದ. ಯಾಕೆ ಬಂದಿದ್ದಾನೆ ಎಂದು ನಾನು ಯೋಚಿಸಲಿಲ್ಲ.

"ಆವತ್ತ ಮಾಳಿಗಿ ಮ್ಯಾಲ ಏನ ಕಂಡ್ರಿ?" ಎಂದು ಸಾಹೇಬರು ಕೇಳಿದರು.

ಅಕ್ಕ ಕಂಡದ್ದನ್ನು ಹೇಳಿದಳು.

"ಬಿಸಲ ಭಾಳ ಇತ್ತು. ಕಣ್ಣಿಗಿ ಕತ್ತಲಿ ಬಂದಿರಬೇಕು. ಯೋಚನೆ ಮಾಡಿ ಹೇಳ್ರಿ."

"ಇಲ್ರಿ. ಚಂದಾಗಿ ಕಂಡೀನಿ."

"ಪಟೇಲ್ರು ಎಂಥಾ ಮನಿಷ್ಯಾರು?"

"ಕೊಲಿ ಮಾಡ್ಯಾರ್ರಿ."

ಹೊಸ್ತಿಲ ಹೊರಗಿನವ ಎದ್ದು ಹೋದ. ಮಾಳಿಗೆಯ ಮೇಲೆ ಏನು ಕಂಡಿರಿ ಎಂದು ಸಾಹೇಬರು ಮೂರನೆಯ ಸಲ ಕೇಳಿದರು. ಈ ಸಲ ಅವರ ದನಿ ಅಂಗಲಾಚುವಂತಿತ್ತು. ಅಕ್ಕ ಮೂರನೆಯ ಸಲವೂ ಕಂಡದ್ದನ್ನೇ ಹೇಳಿದಳು. ನನಗೆ ಹೆಮ್ಮೆ ಉಕ್ಕಿತು. ಅವರು ಅವಳ ಮೇಲೆ ತಮ್ಮ ಹಳೆಯ ಪರೀಕ್ಷೆಯನ್ನೇ ನಡೆಸುತ್ತಿದ್ದಾರೆ, ಏನೂ ಕಾಣಲಿಲ್ಲ ಎಂದು ಅವಳು ಹೇಳಿದರೆ ಮಾತ್ರ ಪಾಸು ಎಂಬುದು ಹೊಳೆಯಲೇ ಇಲ್ಲ. ಅಂದಿನ ಮಾತುಗಳನ್ನೂ ನಾನೇ ದುಂಡಗೆ ಬರೆದುಕೊಂಡೆ.

ಮರುದಿನ ಮುಸಾಫಿರ್‌ಖಾನೆಯ ಪಡಸಾಲೆಯಲ್ಲಿ ಅಕ್ಕ ತಲೆಗೆ ಸೆರಗು ಹೊದ್ದು ನಿಂತು ಎಲ್ಲವನ್ನೂ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ಆಪಾ ಕಂಬದ ಮರೆಯಲ್ಲಿ ನಿಂತಿದ್ದಳು. ಪಟೇಲ ನಕ್ಕು, ಈ ಹೆಂಗಸಿಗೆ ತಲೆ ಕೆಟ್ಟಿದೆ, ಬೇಕಾದರೆ ಡಾಕ್ಟರನ್ನೇ ಕೇಳಿ ಎಂದ. ಅಧಿಕಾರಿ ಸಾಹೇಬರ ಕಡೆ ತಿರುಗಿದ.

ಸಾಹೇಬರು ಜೋಳಿಗೆಯಿಂದ ಅಕ್ಕನ ನೋಟ್‌ಬುಕ್ ತೆಗೆದರು. ನನ್ನ ಅಕ್ಷರ. ಎಳೆ ಕಿತ್ತು ತೊಡೆಯ ಮೇಲಿಟ್ಟುಕೊಂಡದ್ದು, ಸತ್ತ ಕೂಸು ಅಳುತ್ತಿದೆ ಎಂದದ್ದು, ಗಂಡನನ್ನು ನೀನು ಯಾರು ಎಂದು ಕೇಳಿದ್ದು, ಎಲ್ಲವನ್ನೂ ಓದಿ ಓದಿ ಉರ್ದುವಿನಲ್ಲಿ ಹೇಳಿದರು. ಮನೆಯೊಳಗೆ, ನಂಬಿ, ಒಬ್ಬ ಡಾಕ್ಟರಿಗೆ ಆಡಿದ ಮಾತುಗಳು ಅವು. ಪರವೂರಿನ ಗಂಡಸರು ಅವುಗಳನ್ನು ಕೇಳಿ ತಲೆ ಅಲ್ಲಾಡಿಸಿದರು. ಇನ್ನು ಕೊನೆಯ ಹಾಳೆ ಬರುತ್ತದೆ, ಅವರದೇ ರುಜು ಬರುತ್ತದೆ ಎಂದು ನಾನು ಕಾದೆ. ಅಲ್ಲಿಗೆ ಬರುವ ಮೊದಲೇ ಅವರು ನೋಟ್‌ಬುಕ್ ಮುಚ್ಚಿದರು.

"ಇನ್ನೂ ಪೂರಾ ಆರಾಮಾಗಿಲ್ಲ" ಎಂದರು.

ಅಧಿಕಾರಿ ನನ್ನನ್ನೂ ಕೇಳಿದ: "ನೀನು ಈಕೆಯ ತಮ್ಮ ಅಲ್ಲವೇ? ನೀನೇನು ಹೇಳುತ್ತಿ?" ನಾನು ಸಾಹೇಬರ ಮುಖ ನೋಡಿದೆ. ಅವರು ಲವಂಗದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಕೆಲಸಕ್ಕೆ ಸೇರಿದಂದಿನಿಂದ ಅವರ ಮಾತಿಗೆ ನಾನು ಎದುರಾಡಿದವನಲ್ಲ. "ಡಾಕ್ಟರ್ ಸಾಹೇಬರಿಗೆ ಗೊತ್ತು" ಎಂದೆ. ಅಕ್ಕ ತಿರುಗಿ ನೋಡಿದಳು. ಅವಳ ಆ ನೋಟ ನೆನಪಾದರೆ ಇಂದಿಗೂ ನನಗೆ ಅನ್ನ ಇಳಿಯುವುದಿಲ್ಲ. ಅಧಿಕಾರಿ ನೋಟ್‌ಬುಕ್ಕನ್ನೂ ಸೇರಿಸಿ ಕಾಗದಗಳನ್ನು ಕಟ್ಟಿದ. ಬಾವಿ ಮುಚ್ಚಿದಂತೆಯೇ ಉಳಿಯಿತು.

ಯಾಕೆ ಹೀಗೆ ಮಾಡಿದರು ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು. ಹುಚ್ಚರಿಗೆಂದು ಇಲ್ಲಿಯೇ ಒಂದು ವಾರ್ಡು ಬೇಕು, ಸಂಕಲಿಯಿಂದ ಬಿಚ್ಚಿದವರನ್ನು ಇಡಲು ಒಂದು ಜಾಗ ಬೇಕು ಎಂದು ಸಾಹೇಬರು ವರ್ಷವರ್ಷವೂ ಮೇಲಿನವರಿಗೆ ದರಖಾಸ್ತು ಬರೆಯುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಈಗ ಪಟೇಲ ನಮ್ಮ ಊರಿನಲ್ಲಿದ್ದ ತನ್ನ ಹತ್ತಿಯ ಗೋದಾಮನ್ನು ವಾರ್ಡಿಗೆಂದು ಬಿಟ್ಟುಕೊಟ್ಟ. ಹೊಸ ಸರ್ಕಾರದವರಿಗೂ ಅವನೇ ಹೇಳಿ ಮಂಜೂರು ಮಾಡಿಸಿದ. ಜನ ಅವನನ್ನು ಧರ್ಮಾತ್ಮ ಎಂದು ಕೊಂಡಾಡಿದರು.

ವಾರ್ಡಿನ ಮೊದಲನೆಯ ರೋಗಿ ನನ್ನ ಅಕ್ಕ. ಪೂರಾ ಆರಾಮಾಗಿಲ್ಲ ಎಂದು ಹೇಳಿದ ಮೇಲೆ ಸೇರಿಸಿಕೊಳ್ಳಲೇಬೇಕಲ್ಲ! ಮೂರು ತಿಂಗಳು ಅಲ್ಲಿ ಕಸ ಗುಡಿಸಿ, ರೊಟ್ಟಿ ಬಡಿದು, ನಿಜವಾದ ರೋಗಿಗಳ ತಲೆ ಬಾಚಿ ಕಾಲ ಹಾಕಿದಳು. ಅಷ್ಟರಲ್ಲಿ ಗಂಡ ಇನ್ನೊಂದು ಮದುವೆಯಾದ. ನಾನು ಅವಳನ್ನು ನನ್ನ ಮನೆಗೆ ಕರೆತಂದೆ. ಆ ದಿನದಿಂದ ಅವಳ ಮಾತಿಗೆ ಬೆಲೆಯಿಲ್ಲ. ಹಾಲು ಉಕ್ಕಿತು ಎಂದು ಅವಳು ಹೇಳಿದರೆ ನನ್ನ ಹೆಂಡತಿ ಒಲೆಯ ಹತ್ತಿರ ಹೋಗಿ ನೋಡಿಯೇ ಒಪ್ಪುತ್ತಾಳೆ. ಯಾರೋ ಬಂದಿದ್ದಾರೆ ಎಂದರೆ ನನ್ನ ಮಕ್ಕಳು ಮೊದಲು ಹೊರಗೆ ಇಣುಕುತ್ತವೆ. ಯಾರೂ ಕೆಟ್ಟವರಲ್ಲ. ಅಭ್ಯಾಸವಾಗಿಬಿಟ್ಟಿದೆ.

ಆ ವಾರ್ಡಿನಿಂದ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳಿದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಕೆ.ಟಿ. ದೊಡ್ಡಿ ಕಡೆಯಿಂದ ಬಂಡಿಯಲ್ಲಿ ಕೈಕಾಲು ಕಟ್ಟಿಸಿಕೊಂಡು ಬಂದವರು ತಮ್ಮ ಕಾಲಮೇಲೆ ನಡೆದು ವಾಪಸ್ ಹೋದದ್ದನ್ನು ನಾನೇ ನೋಡಿದ್ದೇನೆ. ತನ್ನ ಕೈ ತನ್ನದಲ್ಲ ಎನ್ನುತ್ತಿದ್ದ ಗದ್ವಾಲಿನ ನೇಕಾರನೊಬ್ಬ ಮತ್ತೆ ಜರಿ ಅಂಚು ನೇಯ್ದು, ಒಂದು ಸೀರೆ ತಂದು ಸಾಹೇಬರ ಹೆಂಡತಿಗೆ ಉಡಿಸಿದ. ಸಾಹೇಬರು ಯಾವಾಗಿನಂತೆ ನೆಲದ ಮೇಲೆ ಕೂತು ರೋಗಿಗಳ ಮಾತು ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಅವರ ದಯೆಯನ್ನು ದಿನಾ ಕಣ್ಣಾರೆ ಕಾಣಬೇಕಾದದ್ದೇ ನನಗೆ ದೊಡ್ಡ ಶಿಕ್ಷೆ. ಅವರು ಪೂರ್ತಿ ಕೆಟ್ಟವರಾಗಿದ್ದರೆ ನಾನು ಎಂದೋ ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಹೈದರಾಬಾದ್ ರಾಜ್ಯ ಒಡೆಯುವ ವರ್ಷ ಅವರು ನೌಕರಿಯಿಂದ ಇಳಿದರು. ಸಾಮಾನು ಕಟ್ಟುತ್ತಿದ್ದಾಗ ಹೋಗಿ ಎದುರಿಗೆ ನಿಂತೆ. ಏಳು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಆವತ್ತ ನಮ್ಮಕ್ಕ ಆರಾಮ ಇದ್ದಳೋ ಇಲ್ಲೋ? ಹೇಳಿ ಹೋಗ್ರಿ."

ಅವರು ಪುಸ್ತಕ ಕಟ್ಟುತ್ತಿದ್ದ ಹಗ್ಗವನ್ನು ಕೈಬಿಟ್ಟರು. "ಇದ್ದಳು. ನನಗಿಂತ ಆರಾಮ ಇದ್ದಳು" ಎಂದರು.

"ಹಂಗಾದ್ರ ಅಷ್ಟ ಒಂದ ಕಾಗದದ ಮ್ಯಾಲ ಬರದ ಕೊಡ್ರಿ."

"ಬರದ್ರ ಪಟೇಲ ನಾಳೇನ ಗೋದಾಮು ವಾಪಸ್ ತಗೋತಾನ. ಒಳಗ ಹದಿನೆಂಟ ಮಂದಿ ಅದಾರ. ಅವರೆಲ್ಲಾ ಹೊಳ್ಳಿ ಸಂಕಲಿಗೆ ಹೋಗ್ತಾರ. ಒಬ್ಬಾಕೀದು ಒಂದ ಮಾತು, ಇಷ್ಟ ಮಂದೀದು ಜೀವ. ನಾ ಏನ ಮಾಡಬೇಕಿತ್ತು? ನೀನ ಹೇಳು."

"ನಮ್ಮಕ್ಕನ್ನ ಒಂದ ಮಾತ ಕೇಳಬೇಕಿತ್ರಿ. ಬಿಟ್ಟ ಕೊಡ್ತೀಯೇನು ಅಂತ. ಆಕೀದನ್ನ ಆಕೀಗಿ ಕೇಳದ ನೀವು ಕೊಟ್ಟ ಬಿಟ್ರಿ."

ಅವರು ಹಗ್ಗವನ್ನು ಮತ್ತೆ ಎತ್ತಿಕೊಂಡು ಪುಸ್ತಕಗಳಿಗೆ ಬಿಗಿದರು. ಆಮೇಲೆ ಅಭ್ಯಾಸಬಲದಿಂದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು. ನಾನು ತೆಗೆದುಕೊಳ್ಳಲಿಲ್ಲ. ಅವರು ಟಾಂಗಾ ಹತ್ತುವಾಗ ವಾರ್ಡಿನ ರೋಗಿಗಳೆಲ್ಲ ಗೊಳೋ ಎಂದು ಅತ್ತರು. ಕಾಗದ ಬರೆದುಕೊಡದೆಯೇ ಹೋದರು. ಐದು ತಿಂಗಳಿಗೆ ಸಾವಿನ ಸುದ್ದಿ ಬಂತು.

ಆದ್ದರಿಂದ ಈ ಬರಹ. ಅವರು ಬರೆಯದ ಕಾಗದವನ್ನು ನಾನು ಬರೆದಿದ್ದೇನೆ. ನನ್ನ ಅಕ್ಕ ಆ ದಿನ ಆರಾಮ ಇದ್ದಳು. ಅವಳು ಹೇಳಿದ್ದೆಲ್ಲ ನಿಜ. ಇದನ್ನು ಡಾಕ್ಟರ್ ಸಾಹೇಬರೇ ತಮ್ಮ ಬಾಯಾರೆ ಒಪ್ಪಿಕೊಂಡಿದ್ದಾರೆ.

ನಿನ್ನೆ ಆಪಾನನ್ನು ಮನೆಗೆ ಕರೆಸಿ ಇಲ್ಲಿಯ ತನಕ ಬರೆದದ್ದನ್ನು ಪೂರಾ ಓದಿ ಹೇಳಿದೆ. ಈಗ ಅವಳೇ ಬಣ್ಣದ ಕೆಲಸ ಮಾಡುತ್ತಾಳೆ. ಮೊಣಕೈ ತನಕ ಕೆಂಪು ಹಿಡಿದ ಕೈಗಳಿಗೆ ಹೊಸ ಗಾಜಿನ ಬಳೆ ಇಟ್ಟಿದ್ದಳು. ಅಕ್ಕ ಅವಳ ಪಕ್ಕದಲ್ಲೇ ಕೂತಿದ್ದಳು. ಬಾವಿಯ ಮಾತು ಬಂದಾಗ ಆಪಾ ಕಣ್ಣು ಮುಚ್ಚಿಕೊಂಡಳು. ಓದಿ ಮುಗಿಸಿದ ಮೇಲೆ ಕೇಳಿದಳು.

"ಇದ್ರಾಗ ಡಾಕ್ಟರ್ ಸಾಹೇಬ್ರ ರುಜು ಐತೇನು ಭಾಯಿ?"

"ಇಲ್ಲ ಆಪಾ. ಅವರು ಬಾಯಿಲೆ ಹೇಳ್ಯಾರ. ನಾ ಬರದೀನಿ."

"ನೀವು ಚಲೋ ಮನಿಷ್ಯಾರದೀರಿ. ಆದ್ರ ನೀವು ಕಂಪೌಂಡರ್. ಅಷ್ಟ ಮಂದಿ ಮುಂದ ದೊಡ್ಡ ಡಾಕ್ಟರ್ ಹೇಳಿದ್ದನ್ನ ನಾ ಹೆಂಗ ಬಿಡ್ಲಿ?"

ಅವಳು ಎದ್ದು 'ಮನಿ ಬಾಗಲಾ ತೆರದ ಇಟ್ಟ ಬಂದೀನಿ' ಎಂದು ಚಪ್ಪಲಿ ಮೆಟ್ಟಿದಳು. ಹೋಗುವ ಮೊದಲು ಅಕ್ಕನ ಕೆನ್ನೆಯನ್ನು ಎರಡೂ ಕೈಯಿಂದ ಸವರಿ ನನ್ನ ಕಡೆ ನೋಡಿದಳು.

"ಈಕೀನ್ನ ಜೋಪಾನ ಮಾಡ್ರಿ ಭಾಯಿ. ನಮ್ಮವರು ವಾಪಸ್ ಬಂದ್ರ ನಾನ ಕರಕೊಂಡ ಬಂದು ಈಕಿ ಮುಂದ ನಿಂದರಸ್ತೀನಿ. ಕಣ್ಣೀಲೆ ಕಂಡಳಂದ್ರ ಈಕೀಗೂ ಆರಾಮ ಆಗ್ತೈತಿ."